ಮಿಲ್ಯಾ ಎಂಬ ಗ್ರೀಕ್ ದೊರೆ

ಬೆಳಗಾವಿಯಿಂದ ಖಾನಾಪುರಕ್ಕೆ ಹೊರಟ ಬಸ್ಸಿನಲ್ಲಿ ಯಾರಾದರೂ ‘ಏ ಮಿಲ್ಯಾ’ ಎಂದು ಕೂಗಿದರೆ ನನ್ನ ಕತ್ತು ತಾನಾಗಿ ಆ ಕಡೆ ಹೊರಳುತ್ತದೆ. ಹೆಸರು ಕೂಡಿಹಾಕುವ ಚಟದವನಿಗೆ ಇಂಥ ಕೂಗು ಬಿಡಲಾಗದ್ದು. ಸಂತೋಷ ಸಂತ್ಯಾ, ಪ್ರಕಾಶ ಪಕ್ಯಾ ಆಗುವ ನಮ್ಮ ಗಡಿಸೀಮೆಯಲ್ಲಿ ಮಿಲಿಂದ ಮಿಲ್ಯಾ ಆದರೆ ಅಚ್ಚರಿಯೇನಿಲ್ಲ. ಸ್ವಾರಸ್ಯವೆಂದರೆ, ಮಿಲಿಂದ ಎಂಬುದೇ ಹೀಗೆ ಬಾಯಿಗೆ ಬಿದ್ದು ಬದಲಾದ ಹೆಸರು.

ಮೂಲದಲ್ಲಿ ಅದು ಮೆನಾಂಡ್ರೋಸ್. ಅಲುಗದೆ ನಿಲ್ಲುವ ಗಂಡಸು ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಈ ಹೆಸರಿನ ಒಬ್ಬ ಅಥೆನ್ಸಿನ ನಾಟಕಕಾರ. ಸಿಡುಕನೊಬ್ಬನನ್ನು ಕುರಿತ ಅವನ ಪ್ರಹಸನ ಕ್ರಿ.ಪೂ. 316ರಲ್ಲಿ ಬಹುಮಾನ ಗೆದ್ದು, ಆಮೇಲೆ ಕಳೆದುಹೋಗಿ, ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಸಿಕ್ಕು 1958ರಲ್ಲಿ ಅಚ್ಚಾಯಿತು. ನಮ್ಮವನಾದವನು ಇನ್ನೊಬ್ಬ: ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಸಾಗಲದಿಂದ, ಎಂದರೆ ಇಂದಿನ ಸಿಯಾಲ್‌ಕೋಟ್ ಕಡೆಯಿಂದ, ಆಳಿದ ದೊರೆ.

ಅವನ ಬೆಳ್ಳಿ ನಾಣ್ಯ ನೋಡಬೇಕು. ಒಂದು ಮಗ್ಗುಲಲ್ಲಿ ದೊರೆಯ ಮುಖ, ಸುತ್ತ ಗ್ರೀಕ್ ಅಕ್ಷರ. ಹೊರಳಿಸಿದರೆ ಸಿಡಿಲು ಎಸೆಯುವ ಅಥೀನಾ ದೇವಿ, ಖರೋಷ್ಠಿ ಲಿಪಿಯಲ್ಲಿ ‘ಮಹಾರಾಜಸ ತ್ರಾತಾರಸ ಮೆನಂದ್ರಸ’. ಗ್ರೀಕಿನ ‘ಓಸ್’ ಆಗಲೇ ಉದುರಿದೆ. ಈ ದೊರೆ ಬೌದ್ಧ ಭಿಕ್ಷುವೊಬ್ಬನೊಡನೆ ನಡೆಸಿದ ಸಂವಾದದ ಪಾಲಿ ಪುಸ್ತಕ ‘ಮಿಲಿಂದಪಞ್ಹ’ದ ಹೊತ್ತಿಗೆ ನಕಾರವೂ ಲಕಾರವಾಯಿತು. ಸಂಸ್ಕೃತದಲ್ಲಿ ಮಿಲಿಂದವೆಂದರೆ ದುಂಬಿ. ಹಳಗನ್ನಡ ಓದಿದವರಿಗೆ ಮಿಳಿಂದವಾಗಿ ಪರಿಚಿತ. ಅಲುಗದೆ ನಿಲ್ಲುವವನು ಹೀಗೆ ಹೂವಿಂದ ಹೂವಿಗೆ ಹಾರುವವನಾದ!

ಆ ಪುಸ್ತಕದ ಮೊದಲ ವಾದವೇ ಹೆಸರಿನದು. ನಿಮ್ಮನ್ನು ಏನೆಂದು ಕರೆಯುತ್ತಾರೆ ಎಂದು ದೊರೆ ಕೇಳುತ್ತಾನೆ. ನಾಗಸೇನ ಎನ್ನುತ್ತಾರೆ, ಆದರೆ ಅದು ಬರಿಯ ಹೆಸರು, ಅದರೊಳಗೆ ಯಾರೂ ಇಲ್ಲ ಎನ್ನುತ್ತಾನೆ ಭಿಕ್ಷು. ರಥದಲ್ಲಿ ಬಂದೆಯಲ್ಲ, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ ಎಂದು ತಿರುಗಿ ಕೇಳುತ್ತಾನೆ. ದೊರೆ ಸೋತು ಮೆಚ್ಚುತ್ತಾನೆ. ಪ್ರಶ್ನೆ ಕೇಳುವ ಈ ದೊರೆ ಅಂಬೇಡ್ಕರರಿಗೆ ಹಿಡಿಸಿದ. 1950ರಲ್ಲಿ ಅವರು ಔರಂಗಾಬಾದಿನಲ್ಲಿ ತೆರೆದ ಕಾಲೇಜು ಮಿಲಿಂದ ಮಹಾವಿದ್ಯಾಲಯವಾಯಿತು, ಅದರ ಆವರಣ ನಾಗಸೇನವನ. ಹಾಗಾಗಿ ನಮ್ಮೂರ ಮಿಲಿಂದರಲ್ಲಿ ಕೆಲವರು ದುಂಬಿಯ ಕಡೆಯವರು, ಕೆಲವರು ದೊರೆಯ ಕಡೆಯವರು. ಕೂಗಿಗೆ ಇಬ್ಬರೂ ಓಗೊಡುತ್ತಾರೆ.

ಹೆಸರು ಕೆಟ್ಟಿತೆಂದು ಕೊರಗುವವರನ್ನು ನಾನು ಖಾನಾಪುರ ತಾಲ್ಲೂಕಿನ ಹಲಸಿಗೆ ಕರೆದೊಯ್ಯುತ್ತೇನೆ. ಅಲ್ಲಿ ದೊರೆತ ಕದಂಬರ ತಾಮ್ರಪಟಗಳಲ್ಲಿ ಆ ಊರು ಪಲಾಶಿಕಾ; ಮೃಗೇಶವರ್ಮ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿದ ಊರು. ಮುಂದೆ ಅದು ಪಲಸಿಗೆ. ಪಾಲು ಹಾಲಾದಂತೆ ಹಲಸಿಗೆ. ಈಗ ಬಸ್ಸಿನ ಬೋರ್ಡಿನಲ್ಲಿ ಹಲಸಿ. ಕರೆಯುವವರು ಇದ್ದುದರಿಂದ ಸವೆಯಿತು. ಪಲಾಶಿಕಾ ಎಂಬುದು ತಾಮ್ರದಲ್ಲಿ, ಮೆನಾಂಡ್ರೋಸ್ ಎಂಬುದು ಬೆಳ್ಳಿಯಲ್ಲಿ ಅಕ್ಷರ ಕೆಡದೆ ಉಳಿದಿವೆ. ಅವನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ.

ಹಿಂದಿನ ಸೀಟಿನಿಂದ ಮತ್ತೆ ‘ಮಿಲ್ಯಾ’ ಎಂದಾಗ ಕಿಟಕಿಗೆ ಮುಖ ಒತ್ತಿಕೊಂಡ ಹುಡುಗನೊಬ್ಬ ‘ಓ’ ಎಂದ. ಅದರೊಳಗೆ ಯಾರೂ ಇಲ್ಲ ಎಂದ ನಾಗಸೇನ ಈ ಬಸ್ಸು ಹತ್ತಬೇಕಿತ್ತು.