ಕಗ್ಗ ಓದಿದ ಮುಂದಿನ ಸೋಮವಾರ

ನಮ್ಮ ಆಫೀಸಿನಲ್ಲಿ ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಸೆಷನ್ ಅಂದ್ರೆ ಕೊನೇ ಸ್ಲೈಡಲ್ಲಿ ‘ಮಂಕುತಿಮ್ಮನ ಕಗ್ಗ’ ಇದ್ದೇ ಇರುತ್ತೆ. ಡಿವಿಜಿ ಮುಳಬಾಗಿಲಿನವರು, ನಾನೂ ಅದೇ ಸೀಮೆಯವನು. ಹಾಗಾಗಿ ಓದೋ ಕೆಲಸ ನನ್ನ ಪಾಲಿಗೆ. ಓದಿದೆ, ಚಪ್ಪಾಳೆಯೂ ಬಿತ್ತು.

ಮುಂದಿನ ಸೋಮವಾರ ಬೆಳಗ್ಗೆ ಊರಿಂದ ಬೆಂಗಳೂರಿಗೆ ವಾಪಸ್ ಬರ್ತಿದ್ದೆ. ನರಸಾಪುರ ದಾಟಿದ ಮೇಲೆ ಹೈವೇ ಪಕ್ಕ ಒಬ್ಬರು ಸ್ಕೂಟರ್ ಸಮೇತ ಬಿದ್ದಿದ್ರು. ನನಗೆ ಒಂಬತ್ತೂವರೆಗೆ ಕಾಲ್. ಕಾರು ಸ್ಲೋ ಮಾಡಿದೆ, ನಿಲ್ಲಿಸಲಿಲ್ಲ. ಕನ್ನಡಿಯಲ್ಲಿ ಕಂಡದ್ದು, ಹಾಲಿನ ಕ್ಯಾನ್ ಕಟ್ಟಿಕೊಂಡಿದ್ದ ಬೈಕಿನವರೊಬ್ಬರು ಇಳಿದು ಅವರನ್ನ ಎಬ್ಬಿಸ್ತಿದ್ದದ್ದು.

1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ಹುಡುಗರು ಭಾಷಣಕ್ಕೆ ಅಂತ ಪಕ್ಕದ ಕಟ್ಟಡಕ್ಕೆ ಹೊರಟಿದ್ದಾರೆ. ದಾರಿಯಲ್ಲಿ ಒಬ್ಬ ಕುಸಿದು ಕೆಮ್ಮುತ್ತಿದ್ದಾನೆ. ಆತುರವಿಲ್ಲದವರಲ್ಲಿ ನೆರವಾದವರು ಶೇ. 63. ‘ಆಗಲೇ ತಡವಾಯ್ತು, ಓಡು’ ಅನ್ನಿಸಿಕೊಂಡವರಲ್ಲಿ ಶೇ. 10. ಅರ್ಧ ಜನರ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನನ್ನ ಎತ್ತಿದ ಬೈಬಲ್ ಕಥೆ! ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ನಿಲ್ಲದೆ ಹೋದವರಲ್ಲಿ ಹಲವರು ತಳಮಳದಲ್ಲೇ ಬಂದು ತಲುಪಿದರಂತೆ. ಕಲ್ಲು ಮನಸ್ಸಿನವರಲ್ಲ, ಅತ್ತ ಯಾರೋ ಕಾಯ್ತಿದ್ದಾರೆ ಅನ್ನೋ ಇಕ್ಕಟ್ಟು. ಅದು ನನಗೆ ಚೆನ್ನಾಗಿ ಗೊತ್ತು.

ಹಳ್ಳಿಯವರಿಗೆ ಸ್ಟ್ರೆಸ್ ಇಲ್ಲ, ಅದಕ್ಕೇ ನಿಲ್ತಾರೆ ಅನ್ನೋ ಮಾತನ್ನ ನಾನು ಒಪ್ಪಲ್ಲ. ಬೋರ್‌ವೆಲ್ ಬತ್ತಿದ ಮನೆಯಲ್ಲಿ ಬೆಳೆದವನು ನಾನು. ಆಗ ನೀರು ಬಿಟ್ಟ ಪಕ್ಕದ ತೋಟದ ಅಣ್ಣನಿಗೂ ಸಾಲ ಇತ್ತು. ಆದರೆ ಟೊಮೆಟೊ ಲೋಡ್ ಹಾಕ್ಕೊಂಡು ಹರಾಜಿಗೆ ಮುಂಚೆ ಕೋಲಾರ ಮಾರ್ಕೆಟ್ ಮುಟ್ಟಬೇಕಾದ ದಿನ ಅದೇ ಅಣ್ಣ ಯಾರು ಕೈ ಅಡ್ಡ ಹಾಕಿದರೂ ಟೆಂಪೊ ನಿಲ್ಲಿಸುತ್ತಿರಲಿಲ್ಲ. ಕಷ್ಟ ಬೇರೆ, ಆತುರ ಬೇರೆ. ನಾವು ಎರಡಕ್ಕೂ ಸ್ಟ್ರೆಸ್ ಅಂತ ಒಂದೇ ಹೆಸರಿಟ್ಟಿದ್ದೀವಿ.

ಆ ಸೆಷನ್ ಬಗ್ಗೆ ನನ್ನ ತಕರಾರು ಇಲ್ಲೇ. 1943ರ ಕಗ್ಗದಲ್ಲಿ ಸಮಾಧಾನದ ಜೊತೆಗೇ ಲೋಕಕ್ಕೆ ಉಪಯೋಗವಾಗೋ ಮಾತೂ ಇದೆ. ನಾವು ಮೊದಲನೆಯದನ್ನ ತಲೆನೋವಿನ ಮಾತ್ರೆ ಥರ ನುಂಗಿ ಮತ್ತೆ ಕೆಲಸಕ್ಕೆ ಕೂರ್ತೀವಿ. ಕಗ್ಗ ಮಾತಾಡೋದು ಮನಸ್ಸಿನ ಜೊತೆ, ನನ್ನ ಆತುರ ಇರೋದು ಕ್ಯಾಲೆಂಡರಿನಲ್ಲಿ. ಡಿವಿಜಿಯವರಾದರೂ ಪದ್ಯ ಬರೆದು ಸುಮ್ಮನೆ ಕೂತವರಲ್ಲ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನೇ ಕಟ್ಟಿದರು. ನಮ್ಮ ಸೆಷನ್ನಿನಲ್ಲಿ ‘ಸೋಮವಾರದ ಕಾಲನ್ನ ಹತ್ತೂವರೆಗೆ ಇಡೋಣ್ವಾ’ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಪದ್ಯ ಓದ್ತಿದ್ದೆ.