ಹಿಗ್ಸ್ ಯುಗ್ಮಗಳ ಅನ್ವೇಷಣೆ: ಫಲಿತಾಂಶವನ್ನು ಓದುವ ಬಗೆ

2012ರ ಜುಲೈ 4ರಂದು ಹಿಗ್ಸ್ ಕಣದ ಶೋಧವು ಪ್ರಕಟವಾಯಿತು. ಆ ಕಣವು ತನ್ನೊಡನೆ ತಾನೇ ಎಷ್ಟು ಬಲವಾಗಿ ಬೆಸೆದುಕೊಳ್ಳುತ್ತದೆ ಎಂಬ ಪ್ರಶ್ನೆ ಮಾತ್ರ ಉಳಿದಿದೆ. ಅದಕ್ಕೆ ನೇರವಾದ ಉತ್ತರ ಬೇಕಾದರೆ, ಒಂದೇ ಸಂಘಟ್ಟನೆಯಲ್ಲಿ ಎರಡು ಹಿಗ್ಸ್ ಕಣಗಳು ಹುಟ್ಟಿದುದನ್ನು ಗುರುತಿಸಬೇಕು. ಇಂಥ ಯುಗ್ಮಗಳ ಉತ್ಪತ್ತಿಯು ಸಿದ್ಧಾಂತ ನಿರೀಕ್ಷಿಸುವುದರ 2.9 ಪಟ್ಟಿಗಿಂತ ಹೆಚ್ಚಿರಲಾರದೆಂದು ಅಟ್ಲಾಸ್ ಪ್ರಯೋಗವು 2024ರಲ್ಲಿ, ಶೇಕಡ 95ರ ವಿಶ್ವಾಸದಿಂದ, ಸಾರಿತು. ತರಗತಿಗಳಲ್ಲಿ ಇದನ್ನು ‘ಏನೂ ಸಿಗಲಿಲ್ಲ’ ಎಂದು ಸಂಗ್ರಹಿಸುವುದುಂಟು. ಈ ಸಂಗ್ರಹವು ಸರಿಯಲ್ಲ.

ಲೆಕ್ಕವನ್ನು ನೋಡೋಣ. 2015ರಿಂದ 2018ರವರೆಗೆ ಆ ಪ್ರಯೋಗದಲ್ಲಿ ನಡೆದ ಸಂಘಟ್ಟನೆಗಳು ಸುಮಾರು 10ರ 16ನೆಯ ಘಾತದಷ್ಟು. ಸಿದ್ಧಾಂತದಂತೆ ಅವುಗಳಲ್ಲಿ ಹುಟ್ಟಿರಬೇಕಾದ ಯುಗ್ಮಗಳು ಸುಮಾರು 4,300. ಎರಡು ಬಾಟಮ್ ಕ್ವಾರ್ಕು, ಎರಡು ಫೋಟಾನುಗಳಾಗಿ ಒಡೆಯುವ ಸ್ವಚ್ಛ ಮಾರ್ಗದಲ್ಲಿ ಹನ್ನೊಂದರಷ್ಟು ಮಾತ್ರ! ಮಿತಿಯನ್ನು ನಿರ್ಣಯಿಸುವುದೂ ಇಲ್ಲಿ ಸಾಧನೆಯೇ. ಆದರೆ ಅದನ್ನು ಮಿತಿಯಿಂದಾಚೆಗೆ ಎಳೆಯಬಾರದು. ಸ್ವಸಂಯೋಗವು ಸಿದ್ಧಾಂತದ ಮೌಲ್ಯದ −1.2ರಿಂದ 7.2 ಪಟ್ಟಿನೊಳಗೆ ಇದೆಯೆಂದಷ್ಟೇ 2024ರ ಆ ಫಲಿತಾಂಶದಿಂದ ತಿಳಿಯಿತು. ಈ ವ್ಯಾಪ್ತಿಯಲ್ಲಿ ಸೊನ್ನೆಯೂ ಸೇರಿದೆ. ಸ್ವಸಂಯೋಗವು ಸೊನ್ನೆಯಾದರೆ, ಪರಸ್ಪರ ಕುಗ್ಗಿಸುವ ಎರಡು ಪ್ರಕ್ರಿಯೆಗಳಲ್ಲಿ ಒಂದು ಅಳಿದು, ಯುಗ್ಮಗಳು ಕಡಮೆಯಾಗುವ ಬದಲು ಹೆಚ್ಚುತ್ತವೆಂಬುದನ್ನೂ ಮರೆಯಲಾಗದು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ದತ್ತಾಂಶದ ಕೆಲಸಕ್ಕೆ ಸಿದ್ಧರಾಗುವ ನಮ್ಮ ವಿದ್ಯಾರ್ಥಿಗಳಿಗೆ ಇದು ದೂರದ ಮಾತಲ್ಲ. ಕೋಟಿಗೊಂದು ಸಂಕೇತವಿರುವಲ್ಲಿ, ಎಲ್ಲವನ್ನೂ ‘ಹಿನ್ನೆಲೆ’ಯೆಂದು ತಳ್ಳಿಹಾಕುವ ಯಂತ್ರವೂ ಹೆಚ್ಚುಕಡಮೆ ನೂರಕ್ಕೆ ನೂರು ಅಂಕ ಗಳಿಸುತ್ತದೆ. ಆ ಅಂಕಕ್ಕೆ ಬೆಲೆಯೇನು? ಹಿನ್ನೆಲೆಯನ್ನು ಎಷ್ಟು ಬಲ್ಲೆವೆಂಬುದೇ ನಿಜವಾದ ಪರೀಕ್ಷೆ.

ಇದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲೇ ಇದೆ. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಗುರುತಿಸಿ ಕೀರ್ತಿ ಪಡೆದ ಕೋಲಾರದ ಚಿನ್ನದ ಗಣಿಯಲ್ಲಿ, 1980ರ ದಶಕದಲ್ಲಿ ಪ್ರೋಟಾನಿನ ಕ್ಷಯವನ್ನು ಅರಸಲಾಯಿತು. ಕ್ಷಯವೆಂದು ತೋರಿದ ಕೆಲವು ಘಟನೆಗಳು ವರದಿಯಾದವು. ಅಮೆರಿಕ, ಜಪಾನುಗಳ ದೊಡ್ಡ ಶೋಧಕಗಳು ಅವನ್ನು ಸಮರ್ಥಿಸಲಿಲ್ಲ. ಪ್ರೋಟಾನಿನ ಕ್ಷಯವು ಇಂದಿಗೂ ಕಂಡಿಲ್ಲ. ಆ ವಿದ್ವಾಂಸರ ಶ್ರಮಕ್ಕೆ ಇದರಿಂದ ಕುಂದಿಲ್ಲ. ಅಪರೂಪದ ಘಟನೆಯೊಂದು ಕಣ್ಣಿಗೆ ಬಿದ್ದಾಗ, ಅಂಥದೇ ರೂಪವನ್ನು ನ್ಯೂಟ್ರಿನೋ ತಾಳಬಲ್ಲದೆ ಎಂದು ಮೊದಲು ಕೇಳಬೇಕೆಂಬುದು ಅಲ್ಲಿಂದ ಬಂದ ಪಾಠ.

ಆದಕಾರಣ ಅಧ್ಯಾಪಕರು ‘ಸಿಕ್ಕಿತೆ?’ ಎಂದು ಕೇಳುವುದನ್ನು ಬಿಟ್ಟು, ‘ಏನನ್ನು ಅಲ್ಲಗಳೆದಂತಾಯಿತು?’ ಎಂದು ಕೇಳುವುದನ್ನು ರೂಢಿಸುವುದು ಲೇಸು.