ಗಂಧಕದ ವಾಸನೆಯ ಪೆನ್ನು

ಎಬೊನೈಟ್ ಪೆನ್ನನ್ನು ಅಂಗೈಯಲ್ಲಿ ಒಂದಿಷ್ಟು ಹೊತ್ತು ಉಜ್ಜಿ ಮೂಸಿ ನೋಡಿ, ಸಣ್ಣಗೆ ಗಂಧಕದ ವಾಸನೆ ಬರುತ್ತದೆ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು ಅದು. ಅದರ ಸರಳನ್ನು ಲೇತಿಗೆ ಹಿಡಿದು, ಕೊರೆದು, ನುಣುಪು ಮಾಡುವ ಕೈಗಳು ನಮ್ಮಲ್ಲಿ ಇನ್ನೂ ಇವೆ. ತಮಿಳುನಾಡಿನ ತಿರುವಳ್ಳೂರಿನಲ್ಲಿ ರಂಗಾ, ಆಂಧ್ರದ ರಾಜಮಹೇಂದ್ರಿಯಲ್ಲಿ ರತ್ನಂ. ರತ್ನಂ ಪೆನ್ನಂತೂ ಸ್ವದೇಶಿ ಚಳವಳಿಯ ಕೂಸು. ಅದನ್ನು ಮೆಚ್ಚಿ ಗಾಂಧೀಜಿ 1935ರಲ್ಲಿ ಪತ್ರವನ್ನೇ ಬರೆದಿದ್ದರು.

ನನ್ನ ಡಬ್ಬಿಯಲ್ಲಿ ಈಗ ಹನ್ನೊಂದು ದೇಶಿ ಪೆನ್ನುಗಳಿವೆ. ಯಾವುದನ್ನೂ ಗಾಜಿನ ಕಪಾಟಿನಲ್ಲಿ ಇಟ್ಟಿಲ್ಲ. ಹಾಲಿನ ಲೆಕ್ಕ, ಸಂತೆಯ ಚೀಟಿ, ಕಾಗದ, ಎಲ್ಲಕ್ಕೂ ಸರದಿಯ ಮೇಲೆ ಬಳಸುತ್ತೇನೆ. ಹೆಚ್ಚಿನವಕ್ಕೆ ಒಳಗೆ ಬೇರೆ ನಳಿಕೆಯಿಲ್ಲ, ಪೆನ್ನಿನ ಒಡಲೇ ಶಾಯಿಯ ಕೊಡ. ಫಿಲ್ಲರಿನಿಂದ ಹನಿಹನಿಯಾಗಿ ತುಂಬಿ, ತಿರುಪಿನ ಸುತ್ತುಗಳಿಗೆ ಚೂರು ಸಿಲಿಕೋನ್ ಗ್ರೀಸ್ ಸವರಿ ತಿರುಗಿಸಿದರೆ ಪುಟಗಟ್ಟಲೆ ಬರೆಯಬಹುದು. ಶಾಯಿ ತಳ ಮುಟ್ಟುವವರೆಗೆ ಮಾತ್ರ ಕಾಯಬಾರದು. ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ, ನಿಬ್ಬಿನಿಂದ ದಪ್ಪ ಹನಿಯೊಂದು ತೊಟ್ಟಿಕ್ಕುತ್ತದೆ.

ಕನ್ನಡ ಬರೆಯುವಾಗ ಈ ಪೆನ್ನುಗಳ ಸುಖವೇ ಬೇರೆ. ನಮ್ಮ ಅಕ್ಷರಗಳೆಲ್ಲ ದುಂಡು. ಬಾಲ್‌ಪೆನ್ನನ್ನು ಒತ್ತಿ ಎಳೆಯಬೇಕು. ಇಲ್ಲಿ ನಿಬ್ಬು ತನ್ನ ಭಾರಕ್ಕೇ ಹೊರಳುತ್ತದೆ. ‘ಳ’ ಬರೆದು ಕೈ ಎತ್ತಿದಾಗ ಅದರ ಕೊನೆಯ ಸುರುಳಿಯಲ್ಲಿ ಶಾಯಿ ಒಂದು ಕ್ಷಣ ಹೊಳೆಯುತ್ತದೆ, ಆಮೇಲೆ ಕಾಗದಕ್ಕೆ ಇಂಗುತ್ತದೆ.